ಹೊಟ್ಟೆ ತುಂಬಿದ ಕೂಸಿನ ಬಾಯಿ ಮೂಲೆ ಯಾಕೆ ಬಿರಿಯುತ್ತದೆ?

ಅಂಗನವಾಡಿಯಲ್ಲಿ ತೂಕ ನೋಡುವ ದಿನ, ತಕ್ಕಡಿಗೆ ಏರಿಸುವ ಮೊದಲು ಮಗುವಿನ ಕೈಲಿ ಒಮ್ಮೆ 'ಆ' ಅನ್ನಿಸಿ ನೋಡಿ. ಕೆಲವು ಮಕ್ಕಳಿಗೆ ತುಟಿ ಸೇರುವ ಎರಡೂ ಮೂಲೆಗಳಲ್ಲಿ ಚರ್ಮ ಬೆಳ್ಳಗಾಗಿ, ನೆನೆದಂತಾಗಿ, ಸಣ್ಣಗೆ ಸೀಳಿರುತ್ತದೆ. ಆಕಳಿಸಿದರೆ ರಕ್ತ ಜಿನುಗುತ್ತದೆ. ಖಾರ ತಾಗಿದರೆ ಉರಿ. ಅದಕ್ಕೇ ಮಗು ರೊಟ್ಟಿ-ಪಲ್ಯ ಬಿಟ್ಟು ಬರೀ ಅನ್ನ, ಇಲ್ಲವೇ ಚಹಾದಲ್ಲಿ ಅದ್ದಿದ ಬಿಸ್ಕೆಟ್ ಕೇಳುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆ ಮನೆಯವರು "ಉಷ್ಣ ಆಗೇದ" ಅಂದು ಸಬ್ಬಕ್ಕಿ ಗಂಜಿ ಕುಡಿಸುತ್ತಾರೆ, ಮೂಲೆಗೆ ತುಪ್ಪ ಸವರುತ್ತಾರೆ. ತುಪ್ಪದಿಂದ ಉರಿ ಕಡಿಮೆಯಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಸಬ್ಬಕ್ಕಿಯಲ್ಲಿ ಪಿಷ್ಟ ಬಿಟ್ಟರೆ ಹೆಚ್ಚಿಗೆ ಏನೂ ಇಲ್ಲ. ಮಗುವಿಗೆ ಯಾವುದು ಸಾಲದಾಗಿದೆಯೋ ಅದನ್ನೇ ಇನ್ನೂ ಕಡಿಮೆ ಮಾಡುವ ಪಥ್ಯ ಅದು.

ಎರಡೂ ಮೂಲೆ ಒಟ್ಟಿಗೆ ಬಿರಿದಿದ್ದರೆ ಮೊದಲು ಬಿ ಗುಂಪಿನ ವಿಟಮಿನ್‌ಗಳನ್ನು, ಅದರಲ್ಲೂ ಬಿ2 ಅಂದರೆ ರೈಬೋಫ್ಲಾವಿನ್ ಅನ್ನು ನೆನೆಯಬೇಕು. ಜೊತೆಗೆ ಕಬ್ಬಿಣದ ಕೊರತೆಯನ್ನೂ. ಒಂದೇ ಕಡೆ ಜೇನುಬಣ್ಣದ ಹೆಕ್ಕಳೆ ಕಟ್ಟಿದ್ದರೆ ಅದು ಚರ್ಮದ ಸೋಂಕು, ದಾರಿ ಬೇರೆ. ಆಮೇಲೆ ನಾಲಿಗೆ ನೋಡಿ. ರೈಬೋಫ್ಲಾವಿನ್ ಕಡಿಮೆಯಾದರೆ ನಾಲಿಗೆಗೆ ನೇರಳೆ ಬೆರೆತ ಕೆಂಪು ಬರುತ್ತದೆ. ಫೋಲೇಟ್, ಅಂದರೆ ಬಿ9, ಅಥವಾ ಬಿ12 ಕಡಿಮೆಯಾದರೆ ಮೇಲಿನ ತರಿತರಿ ಅಳಿಸಿಹೋಗಿ ಹಸಿ ಮಾಂಸದಂತೆ ನುಣ್ಣಗೆ ಕೆಂಪಾಗುತ್ತದೆ. ಬರೀ ಕಬ್ಬಿಣ ಕಡಿಮೆಯಾದರೆ ಬಿಳಿಚುತ್ತದೆ. ಪುಸ್ತಕದಲ್ಲಿ ಇವು ಬೇರೆ ಬೇರೆ ಚಿತ್ರಗಳು, ಹಳ್ಳಿಯ ಮಗುವಿನಲ್ಲಿ ಮೂರೂ ಕಲಸಿಕೊಂಡಿರುತ್ತವೆ. ಒಂದು ವಿಟಮಿನ್ ಇಲ್ಲದ ತಟ್ಟೆಯಲ್ಲಿ ಸಾಮಾನ್ಯವಾಗಿ ಉಳಿದವೂ ಇರುವುದಿಲ್ಲ.

2016–18ರಲ್ಲಿ ನಡೆದ ರಾಷ್ಟ್ರೀಯ ಸಮಗ್ರ ಪೋಷಣೆ ಸಮೀಕ್ಷೆಯಲ್ಲಿ ದೇಶದ 1ರಿಂದ 4 ವರ್ಷದ ಮಕ್ಕಳ ರಕ್ತ ಪರೀಕ್ಷೆ ಮಾಡಿದಾಗ ಶೇ. 23ರಷ್ಟು ಮಕ್ಕಳಲ್ಲಿ ಫೋಲೇಟ್, ಶೇ. 14ರಷ್ಟು ಮಕ್ಕಳಲ್ಲಿ ಬಿ12 ಸಾಲದಾಗಿತ್ತು. ನಮ್ಮಲ್ಲಿ ಮಕ್ಕಳ ರಕ್ತಹೀನತೆ ಅಂದರೆ ಎಲ್ಲರೂ ಕಬ್ಬಿಣದ ಮಾತಾಡುತ್ತಾರೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ. 65.5 ಮಕ್ಕಳಿಗೆ ರಕ್ತಹೀನತೆ ಇದೆ. ಇಷ್ಟು ವರ್ಷ ಕಬ್ಬಿಣ ಹಂಚಿಯೂ ಈ ಸಂಖ್ಯೆ ಕೆಳಗಿಳಿಯದಿರುವುದಕ್ಕೆ ಕಾರಣ ಹಲವು. ಬಿ ವಿಟಮಿನ್‌ಗಳನ್ನು ಲೆಕ್ಕಕ್ಕೇ ಹಿಡಿಯದಿರುವುದು ಅವುಗಳಲ್ಲೊಂದು ಎಂದು ನನ್ನ ಅನಿಸಿಕೆ.

ಬೋಗುಣಿಯ ಲೆಕ್ಕ

ರೇಷನ್ ಅಕ್ಕಿಯಿಂದ ಹಸಿವು ತಗ್ಗಿದೆ, ಅದನ್ನು ಅಲ್ಲಗಳೆಯುವ ಮಾತೇ ಇಲ್ಲ. ಆದರೆ ಜೋಳದ ರೊಟ್ಟಿ, ಜೋಳದ ನುಚ್ಚು, ರಾಗಿ ಮುದ್ದೆ ಇದ್ದ ಜಾಗಕ್ಕೆ ಮೂರು ಹೊತ್ತೂ ಪಾಲಿಶ್ ಮಾಡಿದ ಅಕ್ಕಿ ಬಂದು ಕೂತರೆ ಏನಾಗುತ್ತದೆ ಎಂಬುದನ್ನು ಅಂಕಿಯಲ್ಲೇ ನೋಡಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ ಥಯಾಮಿನ್, ಅಂದರೆ ಬಿ1, 0.37 ಮಿ.ಗ್ರಾಂ, ಜೋಳಕ್ಕೆ 0.35, ಪಾಲಿಶ್ ಅಕ್ಕಿಗೆ 0.05. ಫೋಲೇಟ್ ರಾಗಿಯಲ್ಲಿ ಸುಮಾರು 35 ಮೈಕ್ರೋಗ್ರಾಂ, ಜೋಳದಲ್ಲಿ 39, ಅಕ್ಕಿಯಲ್ಲಿ 9. ಅಂದಹಾಗೆ ಆ ಸಂಸ್ಥೆ ಹುಟ್ಟಿದ್ದೇ ಅಕ್ಕಿಯ ತಂಟೆಯಿಂದ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು, ಥಯಾಮಿನ್ ಕೊರತೆಯಿಂದ ಬರುವ ಬೆರಿಬೆರಿ ರೋಗದ ವಿಚಾರಣೆಗೆಂದು ಒಂದೇ ಕೋಣೆಯಲ್ಲಿ ಶುರು ಮಾಡಿದ ಕೆಲಸ ಬೆಳೆದು ಇವತ್ತಿನ ಸಂಸ್ಥೆಯಾಗಿದೆ.

ಈಗ ಇದನ್ನು ಒಂದು ವರ್ಷದ ಮಗುವಿಗೆ ಹೊಂದಿಸಿ. ಎಂಟು ಕಿಲೋ ತೂಕದ ಕೂಸಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಸುವುದು ಹೆಚ್ಚೆಂದರೆ 250 ಮಿ.ಲೀ. ತೆಳ್ಳಗಿನ ಅಕ್ಕಿ ಗಂಜಿಯಾದರೆ ಅಷ್ಟರಲ್ಲಿ ಇರುವ ಅಕ್ಕಿ 15 ಗ್ರಾಂ ದಾಟುವುದಿಲ್ಲ. ಬೇಯಿಸುವಾಗ ಒಂದಿಷ್ಟೂ ಹಾಳಾಗಲಿಲ್ಲ ಅಂದುಕೊಂಡರೂ ಅದರಲ್ಲಿ ಸಿಗುವ ಥಯಾಮಿನ್ 0.0075 ಮಿ.ಗ್ರಾಂ. ದಿನಕ್ಕೆ ಬೇಕಾದದ್ದು ಅರ್ಧ ಮಿ.ಗ್ರಾಂಗಿಂತ ಕಡಿಮೆಯಿಲ್ಲ. ಐದು ಬೋಗುಣಿ ಕುಡಿಸಿದರೂ ಹತ್ತರಲ್ಲಿ ಒಂದು ಪಾಲು ಆಗಲಿಲ್ಲ. ಮಗು ತೇಗಿ ಮಲಗುತ್ತದೆ, ತಾಯಿಗೂ ಸಮಾಧಾನ.

ಇರುವ ಅಲ್ಪಸ್ವಲ್ಪವೂ ಒಲೆಯ ಹತ್ತಿರ ಎಲ್ಲೆಲ್ಲಿ ಸೋರಿಹೋಗುತ್ತದೆ ಎನ್ನುವುದನ್ನು ಗಮನಿಸಬೇಕು. ಹುಳ, ಧೂಳು ಇದೆಯೆಂದು ರೇಷನ್ ಅಕ್ಕಿಯನ್ನು ನಾಲ್ಕೈದು ನೀರಿನಲ್ಲಿ ಗಸಗಸ ತಿಕ್ಕಿ ತೊಳೆಯುವುದು ರೂಢಿ. ಬಿ ವಿಟಮಿನ್‌ಗಳು ನೀರಿನಲ್ಲಿ ಕರಗುವಂಥವು, ತೊಳೆದ ನೀರು ಎಮ್ಮೆಯ ಕಲಗಚ್ಚಿಗೆ ಹೋಗುತ್ತದೆ. ಮೊರದಲ್ಲಿ ಕೇರಿ ಆರಿಸುವ ಕೆಲಸವನ್ನು ಸರಿಯಾಗಿ ಮಾಡಿದರೆ ತಿಕ್ಕದೆ ಎರಡು ನೀರಿನಲ್ಲಿ ತೊಳೆದರೆ ಸಾಕು. ಅನ್ನವನ್ನು ಬಸಿಯದೆ, ಒಂದು ಪಾಲು ಅಕ್ಕಿಗೆ ಎರಡೂವರೆ ಪಾಲು ನೀರಿಟ್ಟು ಇಂಗಿಸಿ. ಬಸಿಯುವ ಮನೆಯಲ್ಲಿ ಆ ತಿಳಿಗೆ ಉಪ್ಪು, ಮಜ್ಜಿಗೆ ಹಾಕಿ ಮಕ್ಕಳಿಗೇ ಕುಡಿಸಿದರೆ ನಷ್ಟ ಅಷ್ಟರಮಟ್ಟಿಗೆ ಕಡಿಮೆ. ಕರಾವಳಿಯ ಕುಚ್ಚಲಕ್ಕಿಗೆ ಈ ತೊಂದರೆ ಇಷ್ಟಿಲ್ಲ. ಭತ್ತವನ್ನು ಬೇಯಿಸಿ ಒಣಗಿಸುವಾಗ ಹೊಟ್ಟಿನ ಕೆಳಗಿನ ಥಯಾಮಿನ್ ಕಾಳಿನೊಳಕ್ಕೆ ಇಳಿದಿರುತ್ತದೆ.

ಬಯಲುಸೀಮೆಯ ಇನ್ನೊಂದು ಕಾಟ ಅಡುಗೆ ಸೋಡಾ. ಬೋರಿನ ಗಡಸು ನೀರಿನಲ್ಲಿ ಬೇಳೆ ಎಷ್ಟು ಹೊತ್ತು ಕುದಿಸಿದರೂ ಬೇಯುವುದಿಲ್ಲ, ಸೌದೆ ಮುಗಿಯುತ್ತದೆ, ಆಗ ಚಿಟಿಕೆ ಸೋಡಾ ಬೀಳುತ್ತದೆ. ಬೇಳೆ ಹತ್ತು ನಿಮಿಷಕ್ಕೆ ಕರಗುತ್ತದೆ. ಅದರ ಜೊತೆಗೆ ಥಯಾಮಿನ್ ಕೂಡ ನಾಶವಾಗುತ್ತದೆ, ರೈಬೋಫ್ಲಾವಿನ್‌ಗೂ ಪೆಟ್ಟು ಬೀಳುತ್ತದೆ, ಏಕೆಂದರೆ ಕ್ಷಾರದಲ್ಲಿ ಬಿಸಿಯಾದರೆ ಎರಡೂ ತಡೆಯುವುದಿಲ್ಲ. ಸೋಡಾ ಬೇಡವೆಂದರೆ ನೀರನ್ನು ಮೊದಲು ಕುದಿಸಿ ಆರಲು ಬಿಡಿ, ತಳದಲ್ಲಿ ಬಿಳಿ ಗಸಿ ಕೂರುತ್ತದೆ, ಮೇಲಿನ ನೀರು ತೆಗೆದುಕೊಳ್ಳಿ. ಬೇಳೆಯನ್ನು ಒಂದು ತಾಸು, ಇಡೀ ಕಾಳನ್ನು ರಾತ್ರಿಯಿಡೀ ನೆನೆಹಾಕಿ. ಹುಣಸೆಹುಳಿ, ಟೊಮೆಟೊ ಎಲ್ಲ ಬೇಳೆ ಬೆಂದ ಮೇಲೆ. ಹುಳಿ ಮುಂಚೆ ಬಿದ್ದರೆ ಬೇಳೆ ಬಿರುಸಾಗಿಯೇ ಉಳಿಯುತ್ತದೆ. ಮುಚ್ಚಳ ಮುಚ್ಚಿ.

ಇಷ್ಟೆಲ್ಲ ಮಾಡಿ ಕೊನೆಗೆ ಮಗುವಿಗೆ ಬಡಿಸುವುದು ಬೇಳೆಯ ತಿಳಿಯನ್ನು! "ಗಟ್ಟಿ ಕೊಟ್ಟರೆ ಜೀರ್ಣ ಆಗಲ್ಲ" ಎನ್ನುವ ನಂಬಿಕೆ. ತಿಳಿಯಲ್ಲಿ ಉಪ್ಪು, ಅರಿಸಿನ, ಒಂದಿಷ್ಟು ವಿಟಮಿನ್ ಇರುತ್ತವೆ, ಕಾಳು ದೊಡ್ಡವರ ತಟ್ಟೆಗೆ ಹೋಗುತ್ತದೆ. ಆರು ತಿಂಗಳು ತುಂಬಿದ ಕೂಸು ಕಿವುಚಿದ ಬೇಳೆಯನ್ನು ಚೆನ್ನಾಗಿಯೇ ಅರಗಿಸಿಕೊಳ್ಳುತ್ತದೆ. ಸೊಪ್ಪಿನದೂ ಇದೇ ಕಥೆ. ತೊಳೆದ ಮೇಲೆ ಹೆಚ್ಚಬೇಕು, ಕಡಿಮೆ ನೀರಿನಲ್ಲಿ ಮುಚ್ಚಿ ಬೇಯಿಸಬೇಕು, ಬೆಂದ ನೀರನ್ನು ಚೆಲ್ಲಬಾರದು, ಸೊಪ್ಪನ್ನೇ ನುರಿದು ಅನ್ನದಲ್ಲಿ ಕಲಸಬೇಕು. ಫೋಲೇಟ್ ಸಿಗುವುದು ಇಲ್ಲಿ. ಅಲಸಂದೆ, ಕಡಲೆ, ಹೆಸರುಕಾಳುಗಳಲ್ಲಿ 100 ಗ್ರಾಂಗೆ 140ರಿಂದ 250 ಮೈಕ್ರೋಗ್ರಾಂ ತನಕ ಇರುತ್ತದೆ.

ಬಿ12 ಎಂಬ ಬೇರೆಯೇ ಲೆಕ್ಕ

ಮೇಲೆ ಹೇಳಿದ ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದರೂ ಬಿ12 ಬರುವುದಿಲ್ಲ. ಧಾನ್ಯ, ಕಾಳು, ಸೊಪ್ಪು, ತರಕಾರಿ, ಹಣ್ಣು ಯಾವುದರಲ್ಲೂ ಅದು ಇಲ್ಲ. ಸ್ಪಿರುಲಿನಾದಲ್ಲಿದೆ ಎನ್ನುತ್ತಾರೆ, ಅದರಲ್ಲಿರುವುದು ಹೆಚ್ಚಾಗಿ ಬಿ12ನ್ನು ಹೋಲುವ, ನಮ್ಮ ದೇಹಕ್ಕೆ ಬಳಕೆಯಾಗದ ವಸ್ತು. ಹುದುಗಿಸಿದ ಅಂಬಲಿ, ಇಡ್ಲಿ ಹಿಟ್ಟು ಒಳ್ಳೆಯವೇ, ಹುದುಗಿದಾಗ ಥಯಾಮಿನ್, ರೈಬೋಫ್ಲಾವಿನ್ ಏರುತ್ತವೆ. ಬಿ12ಕ್ಕೆ ಮಾತ್ರ ಅವನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಅಂಬಲಿಗೆ ಬೆರೆಸಿದ ಮಜ್ಜಿಗೆಯಿಂದ ಸಿಕ್ಕಷ್ಟೇ ಬಿ12.

ಆರು ತಿಂಗಳ ತನಕ ಕೂಸಿಗೆ ಬಿ12 ಬರುವುದು ಎರಡೇ ಕಡೆಯಿಂದ: ಹೊಟ್ಟೆಯಲ್ಲಿದ್ದಾಗ ಪಿತ್ತಜನಕಾಂಗದಲ್ಲಿ ಕೂಡಿಟ್ಟುಕೊಂಡದ್ದು, ಆಮೇಲೆ ಎದೆಹಾಲು. ತಾಯಿಗೇ ಇಲ್ಲದಿದ್ದರೆ ಎರಡೂ ಖಾಲಿ. ಫೋಲೇಟ್‌ನ ವಿಷಯದಲ್ಲಿ ಪ್ರಕೃತಿ ಮಗುವಿನ ಪಕ್ಷ ವಹಿಸುತ್ತದೆ, ತಾಯಿಯ ದೇಹ ತಾನು ಬರಿದಾದರೂ ಹಾಲಿಗೆ ಫೋಲೇಟ್ ಸುರಿಯುತ್ತದೆ. ಬಿ1, ಬಿ2, ಬಿ12ಕ್ಕೆ ಆ ರಿಯಾಯಿತಿ ಇಲ್ಲ.

ಬಿ12 ಸಾಲದ ಮಗುವಿಗೆ ಏನಾಗುತ್ತದೆ ಎಂಬುದನ್ನು ವೆಲ್ಲೂರಿನ ವೈದ್ಯರು 1962ರಲ್ಲೇ ಬರೆದಿಟ್ಟಿದ್ದಾರೆ. ಆರು ತಿಂಗಳು ದಾಟಿದ, ಇನ್ನೂ ಎದೆಹಾಲಿನ ಮೇಲೆಯೇ ಇರುವ ಕೂಸು. ನೋಡಲು ಗುಂಡಗಿರುತ್ತದೆ, ತೂಕ ಹೆಚ್ಚೇನೂ ಬಿದ್ದಿರುವುದಿಲ್ಲ. ಹಾಗಾಗಿ ಅಂಗನವಾಡಿಯ ಬೆಳವಣಿಗೆ ಚಾರ್ಟ್ ಇದನ್ನು ಹಿಡಿಯುವುದೇ ಇಲ್ಲ. ಬಿಳಿಚಿದ ಮುಖ, ಕೆಂಚು ಬಣ್ಣದ ವಿರಳ ಕೂದಲು. ಕೈ ಹಿಡಿದು ಬೆರಳ ಗೆಣ್ಣುಗಳನ್ನು ನೋಡಿ: ಗೆಣ್ಣಿನ ಮೇಲಿನ ಚರ್ಮ, ಉಗುರಿನ ಬುಡ, ಸುತ್ತಲಿನ ಬಣ್ಣಕ್ಕಿಂತ ಎದ್ದು ಕಾಣುವಷ್ಟು ಕಪ್ಪಾಗಿರುತ್ತದೆ. ಕೂಸು ಸುಮ್ಮನೆ ಬಿದ್ದುಕೊಂಡಿರುತ್ತದೆ, ನಕ್ಕರೆ ನಗುವುದಿಲ್ಲ. ಮನೆಯವರು ಇದನ್ನು "ಬಾಳ ಸಮಾಧಾನದ ಕೂಸು" ಅಂದುಕೊಂಡಿರುತ್ತಾರೆ. ಕೇಳಬೇಕಾದ ಪ್ರಶ್ನೆ ಒಂದೇ: ಮೊದಲು ಮಾಡುತ್ತಿದ್ದದ್ದನ್ನು ಈಗ ಬಿಟ್ಟಿದೆಯೇ? ಕತ್ತು ನಿಂತಿದ್ದು ಸಡಿಲಾಗಿದೆಯೇ, ಕೂರುತ್ತಿದ್ದದ್ದು ನಿಂತಿದೆಯೇ? ಹೌದು ಎಂದರೆ ಮುಂದಿನ ಅಂಗನವಾಡಿ ದಿನದ ತನಕ ಕಾಯಬೇಡಿ, ಮಕ್ಕಳ ವೈದ್ಯರ ಹತ್ತಿರ ಕಳಿಸಿ.

ಆಮೇಲಿನ ಹಂತದಲ್ಲಿ ಕೈ, ತಲೆ, ನಾಲಿಗೆ ನಡುಗತೊಡಗುತ್ತವೆ. ಎಚ್ಚರ ಇದ್ದಾಗ ನಡುಕ, ನಿದ್ದೆ ಹತ್ತಿದರೆ ಇಲ್ಲ. ಚಿಕಿತ್ಸೆಯಲ್ಲಿ ಒಂದು ತೊಡಕಿದೆ, ಮನೆಯವರಿಗೆ ಮುಂಚೆಯೇ ಹೇಳದಿದ್ದರೆ ಕೆಲಸ ಕೆಡುತ್ತದೆ. ಬಿ12 ಇಂಜೆಕ್ಷನ್ ಶುರುವಾದ ಮೇಲೆ ಕೆಲವು ಮಕ್ಕಳಿಗೆ ಇಲ್ಲದ ನಡುಕ ಬರುತ್ತದೆ, ಇದ್ದದ್ದು ಹೆಚ್ಚಾಗುತ್ತದೆ. "ಸೂಜಿ ಹಾಕಿಸಿದ ಮೇಲೆ ಹೀಂಗಾತು" ಎಂದು ಅಲ್ಲಿಗೇ ಬಿಟ್ಟುಬಿಡುತ್ತಾರೆ. ನಡುಕ ವಾರಗಳಲ್ಲಿ ಇಳಿಯುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಹಸಿವು ಮಾತ್ರ ಕೆಲವೇ ದಿನಗಳಲ್ಲಿ ಮರಳುತ್ತವೆ. ತಡವಾಗಿ ಬಂದ ಮಗುವಿನ ಬುದ್ಧಿಯ ಬೆಳವಣಿಗೆ ಪೂರ್ತಿ ಸರಿಹೋಗದೆ ಉಳಿಯಬಹುದು. ಮಗುವಿಗೆ ಕೊಡುವಾಗ ತಾಯಿಗೂ ಬಿ12 ಕೊಡಿಸಿ, ಇಲ್ಲದಿದ್ದರೆ ಹಾಲು ಹಾಗೆಯೇ ಖಾಲಿ ಇರುತ್ತದೆ.

ಇಂಥ ಮಗುವಿಗೆ ರಕ್ತ ಕಡಿಮೆ ಎಂದು ಬರೀ ಫೋಲಿಕ್ ಆಮ್ಲ, ಅಂದರೆ ಫೋಲೇಟ್‌ನ ಔಷಧಿ ರೂಪ, ಕೊಡುವುದು ಅಪಾಯ. ರಕ್ತದ ಅಂಕಿ ಸುಧಾರಿಸುತ್ತದೆ, ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಗರ್ಭಿಣಿಗೆ ದಿನಾ ಕೊಡುವ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ, ಬಿ12 ಇಲ್ಲ. ಮಗುವಿಗೆ ಸರ್ಕಾರ ಕೊಡುವ ಕಬ್ಬಿಣದ ಸಿರಪ್ಪಿನಲ್ಲೂ ಇಲ್ಲ. ಹಾಗಿದ್ದ ಮೇಲೆ ಬಿ12 ಊಟದಿಂದಲೇ ಬರಬೇಕು, ಅಥವಾ ವೈದ್ಯರು ಬೇರೆಯಾಗಿ ಬರೆದುಕೊಡಬೇಕು.

ಊಟದಿಂದ ಎಂದರೆ ಎಷ್ಟು? ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 1 ಮೈಕ್ರೋಗ್ರಾಂ ಆಸುಪಾಸು ಸಾಕು. 150 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 0.6, ಒಂದು ಮೊಟ್ಟೆಯಲ್ಲಿ ಅರ್ಧ. ಎರಡೂ ಸೇರಿದರೆ ಆ ದಿನದ ಲೆಕ್ಕ ಮುಗಿಯಿತು. ಕೋಳಿಯ ಲಿವರ್ ಹತ್ತು ಗ್ರಾಂ, ಅಂದರೆ ಹೆಬ್ಬೆರಳ ತುದಿಯಷ್ಟು, ಒಂದೂವರೆ ಮೈಕ್ರೋಗ್ರಾಂ ಕೊಡುತ್ತದೆ. ವಾರಕ್ಕೊಮ್ಮೆ ಮೀರುವುದು ಬೇಡ, ಅದರಲ್ಲಿ ವಿಟಮಿನ್ ಎ ವಿಪರೀತ. ಸಂತೆಯಲ್ಲಿ ಸಿಗುವ ಸಣ್ಣ ಒಣಮೀನು ಈ ಕೆಲಸಕ್ಕೆ ಅಗ್ಗದ ವಸ್ತು. ಉಪ್ಪು ಹೋಗುವಂತೆ ಬಿಸಿನೀರಿನಲ್ಲಿ ನೆನೆಸಿ ತೊಳೆದು, ಹುರಿದು, ಪುಡಿ ಮಾಡಿಟ್ಟುಕೊಂಡರೆ ಅರ್ಧ ಚಮಚ ಅನ್ನಕ್ಕೆ ಕಲಸಬಹುದು. ಮಾಂಸ ತಿನ್ನುವ ಮನೆಗಳಲ್ಲೂ ಮಗುವಿಗೆ ಬರೀ ಸಾರು ಹಾಕಿ ತುಂಡು ಕೊಡದಿರುವುದೇ ಹೆಚ್ಚು. ತುಂಡನ್ನು ಬೆರಳಲ್ಲಿ ಎಳೆ ಎಳೆಯಾಗಿ ಬಿಡಿಸಿ ಅರೆದು ಕೊಡಿ. ಬಿ12 ಒಂದು ಸಲಕ್ಕೆ ದೇಹದೊಳಗೆ ಹೋಗುವುದು ಒಂದೂವರೆ, ಎರಡು ಮೈಕ್ರೋಗ್ರಾಂ ಅಷ್ಟೇ. ಹಬ್ಬಕ್ಕೊಮ್ಮೆ ಬಾಡೂಟಕ್ಕಿಂತ ದಿನಾ ಒಂದು ಲೋಟ ಹಾಲಿನ ಬೆಲೆ ಹೆಚ್ಚು.

ಆ ಲೋಟವೇ ಕಷ್ಟ. ಆಕಳು ಕಟ್ಟಿದ ಮನೆಯಲ್ಲೂ ಬೆಳಗಿನ ಹಾಲು ಪೂರ್ತಿ ಡೇರಿಗೆ ಹೋಗಿ, ಮಗುವಿಗೆ ಉಳಿಯುವುದು ಚಹಾದ ಬಣ್ಣ ತಿರುಗಿಸುವಷ್ಟು. ಕ್ಯಾನಿಗೆ ಸುರಿಯುವ ಮೊದಲೇ ಕಾಲು ಲೀಟರ್ ತೆಗೆದಿಡುವುದು ಅಭ್ಯಾಸವಾಗಬೇಕು. ಉಳಿದರೆ ಕೊಡೋಣ ಅಂದರೆ ಉಳಿಯುವುದಿಲ್ಲ. ಮಕ್ಕಳಿಗೆ ಹಾಲು ಕೊಡಲು 2013ರಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯ ಅಳತೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿಗೆ 150 ಮಿ.ಲೀ. ಹಾಲು. ಪುಡಿಯನ್ನು ಕುದಿಯುವ ನೀರಿಗೆ ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ, ಗಂಟು ತಳದಲ್ಲಿ ಉಳಿಯುತ್ತದೆ, ಕೊನೆಗೆ ಬಂದ ಮಕ್ಕಳಿಗೆ ಗಟ್ಟಿ, ಮೊದಲು ಬಂದವರಿಗೆ ನೀರು. ಉಗುರುಬೆಚ್ಚಗಿನ ನೀರಿನಲ್ಲಿ ಮೊದಲು ದೋಸೆಹಿಟ್ಟಿನ ಹದಕ್ಕೆ ಕಲಸಿಕೊಂಡು ಆಮೇಲೆ ಬಿಸಿನೀರು ಸೇರಿಸಬೇಕು. ಹಾಲನ್ನು ಪಾರದರ್ಶಕ ಬಾಟಲಿಯಲ್ಲಿ ಬಿಸಿಲಿಗಿಟ್ಟರೆ ರೈಬೋಫ್ಲಾವಿನ್ ಹೋಗುತ್ತದೆ, ಸ್ಟೀಲ್ ಪಾತ್ರೆ ಒಳ್ಳೆಯದು. ಒಂದು ವರ್ಷದೊಳಗಿನ ಕೂಸಿಗೆ ಎದೆಹಾಲಿನ ಬದಲು ದನದ ಹಾಲನ್ನೇ ಮುಖ್ಯ ಆಹಾರ ಮಾಡಬೇಡಿ; ಗಂಜಿ, ರಾಗಿ ಸರಿಗೆ ಬೆರೆಸಬಹುದು. ಆಡಿನ ಹಾಲು ಕೂಸಿಗೆ ತಂಪು, ಬೇಗ ಜೀರ್ಣ ಎಂದು ಒಣಸೀಮೆಯಲ್ಲಿ ದೊಡ್ಡ ನಂಬಿಕೆ. ಅದರಲ್ಲಿ ಫೋಲೇಟ್ ಬಹುಪಾಲು ಇಲ್ಲವೇ ಇಲ್ಲ, ಬಿ12 ಕೂಡ ತೀರಾ ಕಡಿಮೆ. ಬರೀ ಆಡಿನ ಹಾಲಿನ ಮೇಲೆ ಬೆಳೆದ ಕೂಸಿಗೆ ರಕ್ತಹೀನತೆ ಬರುವುದು ವೈದ್ಯರಿಗೆ ಹಳೆಯ ಪರಿಚಯ. ಹಸಿ ಮೊಟ್ಟೆ ಒಡೆದು ಕುಡಿಸುವ ರೂಢಿ ಇದ್ದರೆ ಅದನ್ನೂ ಬಿಡಿಸಿ. ಹಸಿ ಬಿಳಿಭಾಗ ಬಯೋಟಿನ್ ಎಂಬ ಇನ್ನೊಂದು ಬಿ ವಿಟಮಿನ್ನನ್ನು ಕಟ್ಟಿಹಾಕುತ್ತದೆ.

ಇನ್ನು ಜನ "ಪ್ಲಾಸ್ಟಿಕ್ ಅಕ್ಕಿ" ಎಂದು ಹೆದರುವ ಕಾಳಿನ ಮಾತು. ರೇಷನ್ ಅಕ್ಕಿಯಲ್ಲಿ ಅಲ್ಲೊಂದು ಇಲ್ಲೊಂದು ಒಂದೇ ಅಚ್ಚಿನ, ಬಣ್ಣ ಸ್ವಲ್ಪ ಬೇರೆಯಾದ, ನೀರಿಗೆ ಹಾಕಿದರೆ ಕೆಲವು ತೇಲುವ ಕಾಳುಗಳನ್ನು ಹೆಂಗಸರು ಒಂದೊಂದಾಗಿ ಹೆಕ್ಕಿ ಎಸೆದಿದ್ದಾರೆ. ಅವು ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಅಚ್ಚೊತ್ತಿದ ಸಾರವರ್ಧಿತ ಕಾಳುಗಳು, ನೂರಕ್ಕೆ ಒಂದರಂತೆ ಬೆರೆಸಿರುತ್ತಾರೆ. ಎಸೆಯಬೇಡಿ. ಆದರೆ ಅದೇ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂದೂ ಕೂರಬೇಡಿ. ನಿಗದಿಪಡಿಸಿದ ಪ್ರಮಾಣ ಕಿಲೋ ಅಕ್ಕಿಗೆ ಬಿ12 0.75ರಿಂದ 1.25 ಮೈಕ್ರೋಗ್ರಾಂ, ಫೋಲಿಕ್ ಆಮ್ಲ 75ರಿಂದ 125 ಮೈಕ್ರೋಗ್ರಾಂ. ಎರಡು ವರ್ಷದ ಮಗು ದಿನಕ್ಕೆ 75 ಗ್ರಾಂ ಅಕ್ಕಿಯ ಅನ್ನ ಉಂಡರೆ ಸಿಗುವ ಬಿ12 0.1 ಮೈಕ್ರೋಗ್ರಾಂ ಕೂಡ ಆಗುವುದಿಲ್ಲ. ಅಂದರೆ ಬೇಕಾದದ್ದರ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಎರಡು ದೊಡ್ಡ ಚಮಚ ಹಾಲು ಅಷ್ಟು ಕೊಡುತ್ತದೆ.

ಬಾಣಂತಿಯ ತಟ್ಟೆ

ಬೆಂಗಳೂರಿನ ಮಕ್ಕಳ ಹೃದ್ರೋಗ ವೈದ್ಯರು, ಅವರಿಗೂ ಮೊದಲು ಕಾಶ್ಮೀರದ ವೈದ್ಯರು ವರದಿ ಮಾಡಿರುವ ಒಂದು ತೊಂದರೆಯನ್ನು ಪ್ರತಿ ಆಶಾ ಕಾರ್ಯಕರ್ತೆಯೂ ತಿಳಿದಿರಬೇಕು. ಎರಡು-ಮೂರು ತಿಂಗಳ, ಎದೆಹಾಲನ್ನಷ್ಟೇ ಕುಡಿಯುವ, ಅದುವರೆಗೆ ಚೆನ್ನಾಗಿದ್ದ ಕೂಸು ಏಕಾಏಕಿ ಮೊಲೆ ಬಿಡುತ್ತದೆ, ವಾಂತಿ ಮಾಡುತ್ತದೆ, ಏದುಸಿರು ಬಿಡುತ್ತದೆ. ಅಳುವಾಗ ಬಾಯಿ ತೆರೆದಿರುತ್ತದೆ, ದನಿ ಬರುವುದಿಲ್ಲ, ಬಂದರೂ ಗೊಗ್ಗರು. ನ್ಯುಮೋನಿಯಾ ಅಂದುಕೊಳ್ಳುವುದು ಸಹಜ. ಆದರೆ ಇದು ಥಯಾಮಿನ್ ಕೊರತೆಯಿಂದ ಹೃದಯ, ಶ್ವಾಸಕೋಶದ ರಕ್ತನಾಳಗಳು ಸೋಲುತ್ತಿರುವ ಲಕ್ಷಣ ಇರಬಹುದು. ಗಂಟೆಗಳ ಲೆಕ್ಕದಲ್ಲಿ ಜೀವ ಹೋಗಬಹುದು, ಥಯಾಮಿನ್ ಇಂಜೆಕ್ಷನ್ ಸಿಕ್ಕರೆ ಗಂಟೆಗಳ ಲೆಕ್ಕದಲ್ಲೇ ಚೇತರಿಸಿಕೊಳ್ಳಲೂಬಹುದು. ಆಸ್ಪತ್ರೆಗೆ ಹೋದಾಗ ಯಾರೂ ಕೇಳದಿದ್ದರೂ ನೀವೇ ಹೇಳಿ: "ಬಾಣಂತಿ ಇಷ್ಟು ವಾರದಿಂದ ಬರೀ ಬಿಳಿ ಅನ್ನ, ತುಪ್ಪ, ಮೆಣಸಿನ ಸಾರು ಉಣ್ಣುತ್ತಿದ್ದಾಳೆ." ಈ ಒಂದು ಮಾತು ವೈದ್ಯರಿಗೆ ದಾರಿ ತೋರಿಸುತ್ತದೆ. ದೇಹದಲ್ಲಿ ಥಯಾಮಿನ್ ದಾಸ್ತಾನು ಎರಡು-ಮೂರು ವಾರಕ್ಕಿಂತ ಹೆಚ್ಚು ಬರುವುದಿಲ್ಲ, ಬಾಣಂತನದ ಪಥ್ಯ ಅದಕ್ಕಿಂತ ಉದ್ದ.

ಪಥ್ಯವನ್ನೇ ಬಿಡಿ ಎಂದರೆ ಅತ್ತೆ, ಅಜ್ಜಿ ಯಾರೂ ಒಪ್ಪುವುದಿಲ್ಲ, ಒಪ್ಪಿಸುವ ಅಗತ್ಯವೂ ಇಲ್ಲ. ಬೆಳ್ಳುಳ್ಳಿ, ಮೆಣಸು, ತುಪ್ಪ ಇರಲಿ. ಪಥ್ಯದವರೇ ಒಪ್ಪುವ ಹೆಸರುಬೇಳೆ ತೊವ್ವೆ, ಸಬ್ಬಸಿಗೆ ಸೊಪ್ಪು, ಮೆಂತ್ಯೆ ಸೊಪ್ಪು ಸೇರಿಸಿ. ಎರಡು ಅನ್ನದ ಊಟದಲ್ಲಿ ಒಂದನ್ನು ಮೆತ್ತಗಿನ ಜೋಳದ ರೊಟ್ಟಿ ಅಥವಾ ರಾಗಿ ಅಂಬಲಿಗೆ ಬದಲಾಯಿಸಿ. ಅಕ್ಕಿಯೇ ಬೇಕೆಂದರೆ ಕುಚ್ಚಲಕ್ಕಿ. ಗರ್ಭಿಣಿ, ಬಾಣಂತಿಯರಿಗಾಗಿ 2017ರ ಅಕ್ಟೋಬರ್‌ನಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ಊಟದಲ್ಲಿ ಮೊಟ್ಟೆ, ಹಾಲು ಇವೆ. ಅಂಗನವಾಡಿಗೇ ಬಂದು ಉಣ್ಣಬೇಕೆಂಬ ನಿಯಮ ಹೊಸ್ತಿಲು ದಾಟದ ಬಾಣಂತಿಯನ್ನು ಹೊರಗಿಡುತ್ತದೆ. ಬುತ್ತಿ ಕಟ್ಟಿ ಮನೆಗೆ ಕಳಿಸುವ ಟೀಚರ್ ನಿಯಮ ಮುರಿದರು ಅನ್ನುವವರಿಗೆ ಈ ಮೇಲಿನ ಪ್ಯಾರಾ ಓದಿಸಿ.

ಜೋಳದ ಬಗ್ಗೆ ಒಂದು ಮಾತು. ಅಕ್ಕಿಗಿಂತ ಮೇಲು ಅಂದ ಮಾತ್ರಕ್ಕೆ ಬರೀ ಜೋಳವೂ ಸಾಲದು. ದಖ್ಖನ್ ಪ್ರಸ್ಥಭೂಮಿಯಲ್ಲಿ ಜೋಳವನ್ನೇ ನೆಚ್ಚಿದ ಬಡವರಲ್ಲಿ ಬಿಸಿಲು ಬೀಳುವ ಚರ್ಮ ಕಪ್ಪಾಗಿ ಸುಲಿಯುವ ಪೆಲಾಗ್ರ ರೋಗ ಕಂಡುಬರುತ್ತಿತ್ತು. ಅದು ನಯಾಸಿನ್, ಅಂದರೆ ಬಿ3, ಕೊರತೆ. 1960ರಲ್ಲಿ ಪೋಷಣಾ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇದಕ್ಕೆ ಕಾರಣವಿರಬಹುದೆಂದರು. ಆ ವಾದದ ಮೇಲೆ ಆಮೇಲೆ ಬಹಳ ಚರ್ಚೆ ನಡೆಯಿತು. ಅಡುಗೆಮನೆಯ ಉತ್ತರ ಆ ಸೀಮೆಯಲ್ಲೇ ಇದೆ: ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. 100 ಗ್ರಾಂ ಶೇಂಗಾದಲ್ಲಿ ನಯಾಸಿನ್ ಸುಮಾರು 12 ಮಿ.ಗ್ರಾಂ. ಮಕ್ಕಳಿಗೆ ಖಾರವಿಲ್ಲದೆ ಕುಟ್ಟಿದ ಪುಡಿ ದಿನಕ್ಕೆ ಎರಡು ಚಮಚ ಕೊಡಿ. ಇಡೀ ಬೀಜ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಬೂಷ್ಟು ಹಿಡಿದದ್ದು, ಕಹಿಯಾದದ್ದು ಹುರಿದರೂ ವಿಷವೇ.

ಮನೆಯಲ್ಲೇ ಮಾಡುವ ಮಿಶ್ರಣ

ಆರು ತಿಂಗಳಿಂದ ಮೂರು ವರ್ಷದ ತನಕ ಮಗು ಅಂಗನವಾಡಿಯಲ್ಲಿ ಕೂತು ಉಣ್ಣುವುದಿಲ್ಲ, ಮನೆಗೆ ಪುಷ್ಟಿ ಪುಡಿ ಹೋಗುತ್ತದೆ. ಅದು ಐದು ಜನರ ತಟ್ಟೆಗೆ ಹಂಚಿಹೋಗಿ ತಿಂಗಳ ಮೊದಲ ವಾರದಲ್ಲೇ ಖಾಲಿ. ಹಾಗಾಗಿ ಒಂದು ಡಬ್ಬಿ ಮನೆಯಲ್ಲಿ ಇರಲಿ. ರಾಗಿ 400 ಗ್ರಾಂ, ಹೆಸರುಕಾಳು 100 ಗ್ರಾಂ ತೆಗೆದುಕೊಂಡು ಬೇರೆ ಬೇರೆಯಾಗಿ ತೊಳೆದು ರಾತ್ರಿಯಿಡೀ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಹೆಸರು ಒಂದು ದಿನಕ್ಕೆ, ರಾಗಿ ಒಂದೂವರೆ ದಿನಕ್ಕೆ ಮೊಳಕೆ ಒಡೆಯುತ್ತದೆ, ಬಟ್ಟೆ ಒಣಗಿದರೆ ನೀರು ಚಿಮುಕಿಸಿ. ಮೊಳಕೆ ಅಕ್ಕಿಕಾಳಿನಷ್ಟು ಉದ್ದ ಸಾಕು. ನೆರಳಲ್ಲಿ, ಗಾಳಿ ಆಡುವ ಕಡೆ ಒಣಗಿಸಿ. ಸುಡುಬಿಸಿಲಿಗೆ ಹಾಕಿದರೆ ರೈಬೋಫ್ಲಾವಿನ್ ಹಾಳು. ಒಣಗಿದ್ದು ಸಾಲದಿದ್ದರೆ ಬೂಷ್ಟು ಹಿಡಿಯುತ್ತದೆ; ಬೂಷ್ಟು, ಹುಳಿವಾಸನೆ ಬಂದದ್ದನ್ನು ಎಸೆದುಬಿಡಿ. ಸಣ್ಣ ಉರಿಯಲ್ಲಿ ಘಮ ಬರುವಷ್ಟೇ ಹುರಿಯಿರಿ, ಕಂದು ತಿರುಗಿದರೆ ಥಯಾಮಿನ್ ಹೋಯಿತು. ಗಿರಣಿಯಲ್ಲಿ ಬೀಸಿಸಿ. ಎಂಟು ತಿಂಗಳ ತನಕ ವಸ್ತ್ರಗಾಳಿ ಮಾಡಿ ಕೊಟ್ಟರೂ ನಡೆದೀತು. ಆಮೇಲೆ ಜರಡಿ ಹಿಡಿಯಬೇಡಿ, ಬಿ ವಿಟಮಿನ್ ಇರುವುದು ನೀವು ಕೊಡವಿ ಎಸೆಯುವ ಹೊಟ್ಟಿನಲ್ಲಿ. 100 ಗ್ರಾಂ ಶೇಂಗಾ ಹುರಿದು ಸಿಪ್ಪೆ ತೆಗೆದು ಬೇರೆ ಡಬ್ಬಿಯಲ್ಲಿ, ವಾರಕ್ಕೆ ಬೇಕಾದಷ್ಟೇ ಪುಡಿ ಮಾಡಿ. ಒಟ್ಟಿಗೆ ಬೆರೆಸಿಟ್ಟರೆ ಇಡೀ ಹಿಟ್ಟು ಕಮಟು ಹಿಡಿಯುತ್ತದೆ.

ಒಂದು ಹೊತ್ತಿಗೆ ಹಿಟ್ಟು 30 ಗ್ರಾಂ, ಅಂದರೆ ಗೋಪುರವಿಲ್ಲದ ಮೂರು ದೊಡ್ಡ ಚಮಚ. 150 ಮಿ.ಲೀ. ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ ಎಂಟು-ಹತ್ತು ನಿಮಿಷ ಕುದಿಸಿ. ಇಳಿಸಿದ ಮೇಲೆ ಕಾಸಿದ ಹಾಲು 100 ಮಿ.ಲೀ., ಶೇಂಗಾ ಪುಡಿ ಒಂದು ಚಮಚ, ಚೂರು ಬೆಲ್ಲ. ಮೊಳಕೆ ಬಂದ ಹಿಟ್ಟು ಕುದಿಯುವಾಗ ತೆಳ್ಳಗಾಗುತ್ತದೆ, ಅದರ ಒಳ್ಳೆಯ ಗುಣವೇ ಅದು: ಅದೇ ಬೋಗುಣಿಯಲ್ಲಿ ಅಕ್ಕಿ ಗಂಜಿಗಿಂತ ಎರಡರಷ್ಟು ಧಾನ್ಯ ಹಿಡಿಸುತ್ತದೆ. ತೆಳ್ಳಗಾಯಿತೆಂದು ಒಲೆಯಲ್ಲೇ ಬಿಟ್ಟು ಬತ್ತಿಸಬೇಡಿ, ತೆಳ್ಳಗಿದೆ ಸಾಕು ಎಂದು ಹಿಟ್ಟು ಕಡಿಮೆಯೂ ಮಾಡಬೇಡಿ.

ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಸರ್ಕಾರದ ಸಿರಪ್ ವಾರಕ್ಕೆ ಎರಡು ಸಲ, ಸಲಕ್ಕೆ 1 ಮಿ.ಲೀ.; ಅದರಲ್ಲಿ 20 ಮಿ.ಗ್ರಾಂ ಕಬ್ಬಿಣ, 100 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಊಟವಾದ ಮೇಲೆ ಕೊಡಿ, ಹಾಲು-ಚಹಾದ ಜೊತೆ ಬೇಡ. ಮಲ ಕಪ್ಪಗಾದರೆ ಹೆದರಬೇಡಿ. ರಕ್ತಹೀನತೆಗೆಂದು ವೈದ್ಯರು ಬರೆದ ಕಬ್ಬಿಣವನ್ನು ಎರಡು ತಿಂಗಳು ಸರಿಯಾಗಿ ಕೊಟ್ಟೂ ಹಿಮೋಗ್ಲೋಬಿನ್ ಏರದಿದ್ದರೆ ಅದನ್ನೇ ಮುಂದುವರಿಸುತ್ತ ಕೂರದೆ ಬಿ12, ಫೋಲೇಟ್, ಜಂತುಹುಳು, ಹುಟ್ಟಿನಿಂದ ಬರುವ ರಕ್ತದ ಕಾಯಿಲೆಗಳ ಕಡೆ ನೋಡಬೇಕು. ಪಿಎಚ್‌ಸಿಯಲ್ಲಿ ಬಿ12 ಪರೀಕ್ಷೆ ಸಿಗುವುದು ಕಷ್ಟ, ರಕ್ತಕಣ ಎಣಿಕೆಯ ಚೀಟಿ ಸಿಗುತ್ತದೆ. ಬಿ12 ಕಡಿಮೆಯಾದರೆ ಕೆಂಪುಕಣ ದೊಡ್ಡದಾಗಬೇಕು, ಕಬ್ಬಿಣ ಕಡಿಮೆಯಾದರೆ ಸಣ್ಣದು. ಎರಡೂ ಕಡಿಮೆಯಿದ್ದರೆ ಸರಾಸರಿ ಗಾತ್ರ, ಅಂದರೆ ಎಂಸಿವಿ, 'ಸರಿಯಾಗಿದೆ' ಎಂದು ಬರುತ್ತದೆ. ಆಗ ಪಕ್ಕದ ಆರ್‌ಡಿಡಬ್ಲ್ಯು ಅಂಕಿ ನೋಡಿ. ಅದು ಏರಿದ್ದರೆ ದೊಡ್ಡ, ಸಣ್ಣ ಕಣ ಎರಡೂ ಬೆರೆತಿವೆ ಎಂದರ್ಥ.

ಸುಗ್ಗಿ ಮುಗಿದು ಗುಳೆ ಹೋಗುವ ಮನೆಗಳಿಗೆ ಇದರಲ್ಲಿ ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ಕಟ್ಟಡದ ಕೆಲಸದ ಜಾಗದಲ್ಲಿ ಮಗುವಿನ ಊಟ ಅಂದರೆ ಅನ್ನ, ಚಹಾ, ಬಿಸ್ಕೆಟ್. ಹೊರಡುವ ವಾರ ಅಂಗನವಾಡಿಯಿಂದ ತಾಯಿ ಕಾರ್ಡ್ ತಪ್ಪದೆ ಇಸಿದುಕೊಳ್ಳಬೇಕು, ಹೋದ ಊರಿನ ಅಂಗನವಾಡಿಯಲ್ಲಿ ಹೆಸರು ಬರೆಸಲು ಅದು ಬೇಕು. ಮೊಳಕೆ ಹಿಟ್ಟು ಎರಡು ಕಿಲೋ ಕಟ್ಟಿಕೊಂಡರೆ ದಿನಕ್ಕೊಂದು ಹೊತ್ತಿನಂತೆ ಎರಡು ತಿಂಗಳು ಬರುತ್ತದೆ. ಶೇಂಗಾ ಪುಡಿ ಮಾಡದೆ ಬೀಜವನ್ನೇ ಒಯ್ಯಿರಿ. ತಿನ್ನುವವರಾದರೆ ಒಣಮೀನು. ಮತ್ತೆ ಸಿರಪ್ಪಿನ 50 ಮಿ.ಲೀ. ಬಾಟಲಿ ಒಂದು. ವಾರಕ್ಕೆ ಎರಡು ಮಿ.ಲೀ. ಲೆಕ್ಕದಲ್ಲಿ ಅದು ಆರು ತಿಂಗಳಿಗೆ ಹತ್ತಿರ ಬರುತ್ತದೆ, ಅಷ್ಟರಲ್ಲಿ ಮುಂಗಾರಿಗೆ ಊರಿಗೆ ಮರಳುತ್ತಾರೆ.